ಕಿಟ್ಟದ ಹಾದಿಯಲ್ಲಿ: 1929ರ ಸ್ಪೀಡ್‌ವೇ ಅಂಗಳಗಳಿಗೆ ಒಂದು ಸುತ್ತು

ಲಂಡನ್ನಿನ ಸೆಂಟ್ರಲ್ ಲೈನ್ ರೈಲಿನಲ್ಲಿ ಲೌಟನ್ ನಿಲ್ದಾಣಕ್ಕೆ ಬಂದು ಇಳಿದರೆ ಹೈ ಬೀಚ್‌ಗೆ ಸುಮಾರು ಮೂರು ಕಿಲೋಮೀಟರ್ ನಡಿಗೆ. ದಾರಿ ಎಪಿಂಗ್ ಕಾಡಿನ ನಡುವೆ ಏರುತ್ತಾ ಹೋಗುತ್ತದೆ. ಚಳಿಗಾಲದಲ್ಲಿ ಹೋಗುವವರು ಗಟ್ಟಿ ಬೂಟು ಹಾಕಿಕೊಳ್ಳಬೇಕು. ಇಲ್ಲಿನ ಜೇಡಿಮಣ್ಣು ಒಂದು ಮಳೆಗೇ ಕಾಲು ಹಿಡಿಯುತ್ತದೆ. ಕಿಂಗ್ಸ್ ಓಕ್ ಎಂಬ ಹಳೆಯ ಪಬ್ಬಿನ ಹಿಂಭಾಗಕ್ಕೆ ಹೋದರೆ ಮರಗಳ ನಡುವೆ ಒಂದು ಬಯಲು, ಅದರಲ್ಲಿ ಕಾಡಿನ ಅಧ್ಯಯನ ಕೇಂದ್ರದ ಕಟ್ಟಡ. 1928ರ ಫೆಬ್ರವರಿ 19ರಂದು ಇಲ್ಫರ್ಡ್ ಮೋಟಾರ್ ಸೈಕಲ್ ಕ್ಲಬ್ಬಿನವರು ಇಲ್ಲಿದ್ದ ಪಾಳುಬಿದ್ದ ಸೈಕಲ್ ಟ್ರ್ಯಾಕಿನ ಮೇಲೆ ಕಲ್ಲಿದ್ದಲ ಕಿಟ್ಟ, ಅಂದರೆ ಸುಟ್ಟುಳಿದ ಚೂರು, ಹರಡಿ ಸ್ಪೀಡ್‌ವೇ ಎಂಬ ಬೈಕ್ ಓಟ ನಡೆಸಿದರು. ಮೂರು ಸಾವಿರ ಜನ ಬಂದಾರು ಎಂದುಕೊಂಡಿದ್ದ ಕಡೆ ಹತ್ತು ಸಾವಿರಕ್ಕೂ ಮೀರಿ ಸೇರಿದರು. ಹಗ್ಗ ಕಟ್ಟಿದ ಟ್ರ್ಯಾಕಿನ ಹೊರಗೂ ಜನ, ಒಳಗೂ ಜನ. ಬಿಲ್ಲಿ ಗ್ಯಾಲೊವೇ, ಕೀತ್ ಮೆಕೇ ಎಂಬ ಇಬ್ಬರು ಆಸ್ಟ್ರೇಲಿಯನ್ನರೂ ಆ ದಿನ ಇಲ್ಲಿದ್ದರು.

ಇದಕ್ಕೂ ಮೊದಲು, 1927ರಲ್ಲಿ, ಕ್ಯಾಂಬರ್ಲಿಯಲ್ಲೂ ಡ್ರಾಯ್ಲ್ಸ್‌ಡನ್‌ನಲ್ಲೂ ಓಟ ನಡೆದಿತ್ತು. ಕ್ಯಾಂಬರ್ಲಿಯದು ಮರಳಿನ ನೆಲ, ಓಟದ ದಿಕ್ಕೂ ಉಲ್ಟಾ. ಆದರೆ ಜನ ಮುಗಿಬಿದ್ದದ್ದು ಹೈ ಬೀಚ್‌ಗೆ. ಆ ಒಂದು ಭಾನುವಾರದ ಬೆನ್ನಲ್ಲೇ ಊರೂರಿಗೆ ಕಿಟ್ಟದ ಅಂಗಳ ಎದ್ದವು, ಮರುವರ್ಷ ಲೀಗ್ ಬಂತು. ನಮ್ಮ ಸುತ್ತಾಟ ಆ ಮೊದಲ ಲೀಗ್ ಸೀಸನ್ನಿನ, ಅಂದರೆ 1929ರ, ಅಂಗಳಗಳನ್ನು ಹುಡುಕಿಕೊಂಡು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಂದು ಓಟಕ್ಕೆ ಹೀಟ್ ಎನ್ನುತ್ತಾರೆ. ನಾಲ್ವರು ಸವಾರರು, ತಂಡಕ್ಕಿಬ್ಬರು. ನಾಲ್ಕು ಸುತ್ತು, ಬರೀ ಎಡಕ್ಕೆ ತಿರುವು, ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊದಲಿಗನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಬೈಕಿಗೆ ಬ್ರೇಕ್ ಇಲ್ಲ. ತಿರುವಿನಲ್ಲಿ ವೇಗ ತಗ್ಗಿಸುವುದು ಹಿಂಚಕ್ರವನ್ನು ಅಡ್ಡಕ್ಕೆ ಜಾರಿಸಿ: ಬೈಕು ಎಡಕ್ಕೆ ತಿರುಗುತ್ತಿದ್ದರೂ ಮುಂಚಕ್ರ ಬಲಕ್ಕೆ ನೋಡುತ್ತಿರುತ್ತದೆ, ಎಡಗಾಲಿನ ಬೂಟಿಗೆ ಕಟ್ಟಿದ ಉಕ್ಕಿನ ತಗಡು ನೆಲ ಉಜ್ಜುತ್ತಿರುತ್ತದೆ, ಆಕ್ಸಿಲರೇಟರ್ ಮಾತ್ರ ತೆರೆದೇ ಇರುತ್ತದೆ. ಜಾರಬೇಕಾದರೆ ನೆಲ ಸಡಿಲವಾಗಿರಬೇಕು. ಈ ಆಟದಲ್ಲಿ ಯಂತ್ರ ಬದಲಾದದ್ದು, ಕೂರುವ ಶೈಲಿ ಬದಲಾದದ್ದು, ಚಾಂಪಿಯನ್ನರು ಬದಲಾದದ್ದು ಎಲ್ಲವೂ ನೆಲದಿಂದ. ಹಳೆಯ ಅಂಗಳಗಳನ್ನು ಕಣ್ಣಾರೆ ನೋಡಬೇಕು ಎನ್ನುವುದು ಅದಕ್ಕೇ.

ಹೈ ಬೀಚ್‌ನಿಂದ ಲಂಡನ್ನಿನ ಪೂರ್ವಕ್ಕೆ ಇಳಿದು ಕಸ್ಟಮ್ ಹೌಸ್‌ಗೆ ಬಂದರೆ ವೆಸ್ಟ್ ಹ್ಯಾಮ್ ತಂಡದ ಅಂಗಳವಿದ್ದ ಜಾಗ. ಎಲಿಜಬೆತ್ ಲೈನಿನ ನಿಲ್ದಾಣ ಹತ್ತಿರದಲ್ಲೇ ಇದೆ. 1928ರಲ್ಲಿ ತೆರೆದ ಈ ಕ್ರೀಡಾಂಗಣ 1972ರಲ್ಲಿ ಮುಚ್ಚಿತು; ಈಗ ಪೂರ್ತಿ ಮನೆಗಳು. ಪ್ರಿನ್ಸ್ ರೀಜೆಂಟ್ ಲೇನ್‌ನಿಂದ ಒಳಗೆ ಹೊಕ್ಕು ಬೀದಿಗಳ ಫಲಕ ಓದುತ್ತಾ ಹೋಗಬೇಕು: ಅಟ್ಕಿನ್ಸನ್ ರೋಡ್, ವಿಲ್ಕಿನ್ಸನ್ ರೋಡ್, ಯಂಗ್ ರೋಡ್, ಹಾಸ್ಕಿನ್ಸ್ ಕ್ಲೋಸ್. ಆರ್ಥರ್ ಅಟ್ಕಿನ್ಸನ್, ಬ್ಲೂಯಿ ವಿಲ್ಕಿನ್ಸನ್, ಜ್ಯಾಕ್ ಯಂಗ್ ಮೂವರೂ ವೆಸ್ಟ್ ಹ್ಯಾಮ್ ಸವಾರರು. ಜಾನಿ ಹಾಸ್ಕಿನ್ಸ್ ಸವಾರರಲ್ಲ, ಪಂದ್ಯ ನಡೆಸುವವರು; 1923ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲೆಂಡ್ ಜಾತ್ರೆ ಮೈದಾನದಲ್ಲಿ ಇಂಥ ಓಟ ಏರ್ಪಡಿಸಿದವರು ಇವರೇ. ಒಂದು ಬಡಾವಣೆ ತನ್ನ ಆಟಗಾರರನ್ನು ಹೀಗೆ ನೆನಪಿಟ್ಟುಕೊಂಡದ್ದು ಮೆಚ್ಚಬೇಕಾದ ಕೆಲಸ. ಬಹುಪಾಲು ಅಂಗಳಗಳಿಗೆ ಅಷ್ಟೂ ದಕ್ಕಿಲ್ಲ. ಹ್ಯಾರಿಂಗೇ ಅಂಗಳವಿದ್ದಲ್ಲಿ ಸೂಪರ್‌ಮಾರ್ಕೆಟ್ ಇದೆ, ವೈಟ್ ಸಿಟಿಯ ಜಾಗದಲ್ಲಿ ಕಚೇರಿ ಕಟ್ಟಡಗಳು.

ಮತ್ತೆ ಎಲಿಜಬೆತ್ ಲೈನ್ ಹಿಡಿದು ವೈಟ್‌ಚಾಪೆಲ್‌ನಲ್ಲಿ ಬದಲಿಸಿ ಓವರ್‌ಗ್ರೌಂಡ್ ರೈಲಿನಲ್ಲಿ ಕುಳಿತರೆ ನೇರ ಕ್ರಿಸ್ಟಲ್ ಪ್ಯಾಲೆಸ್. ಗಾಜಿನ ಅರಮನೆ 1936ರ ನವೆಂಬರಿನಲ್ಲಿ ಸುಟ್ಟುಹೋಯಿತು. ಮೆಟ್ಟಿಲುಗಳೂ ಸ್ಫಿಂಕ್ಸ್ ಮೂರ್ತಿಗಳೂ ಉಳಿದಿವೆ. ಇದರ ಉದ್ಯಾನದೊಳಗೆ 1928ರಿಂದ 1933ರವರೆಗೆ ಸ್ಪೀಡ್‌ವೇ ನಡೆಯಿತು, ಆಮೇಲೆ ತಂಡ ನ್ಯೂ ಕ್ರಾಸ್‌ಗೆ ಎದ್ದುಹೋಯಿತು. ಈ ಆಟದ ಒಂದು ದೊಡ್ಡ ತಲೆನೋವು ಪರಿಹಾರವಾದದ್ದು ಇಲ್ಲಿ. 1929ರಲ್ಲಿ ಓಟ ಶುರುವಾಗುತ್ತಿದ್ದುದು ಉರುಳು ಪ್ರಾರಂಭದಿಂದ. ನಾಲ್ವರೂ ನಿಧಾನವಾಗಿ ಒಂದೇ ಸಾಲಿನಲ್ಲಿ ಬಂದು ಗೆರೆ ದಾಟುವಾಗ ಬಾವುಟ ಬೀಸುತ್ತಿದ್ದರು. ಒಬ್ಬ ಒಂದು ಚಕ್ರದಷ್ಟು ಮುಂದೆ ಬಂದರೂ ಎಲ್ಲರನ್ನೂ ವಾಪಸು ಕರೆಯಬೇಕು. ಎರಡು ಮೂರು ಸಲ ಹೀಗಾದರೆ ಎಂಜಿನ್ ಕಾದು ಪ್ಲಗ್ ಕೆಡುತ್ತದೆ, ಜನರ ತಾಳ್ಮೆಯೂ ಕೆಡುತ್ತದೆ. ಕ್ರಿಸ್ಟಲ್ ಪ್ಯಾಲೆಸ್ಸಿನ ಫ್ರೆಡ್ ಮಾಕ್‌ಫರ್ಡ್ ಮತ್ತು ಹ್ಯಾರಿ ಶೆಪರ್ಡ್ ಅಡ್ಡಪಟ್ಟಿ ಮೇಲಕ್ಕೆ ಚಿಮ್ಮುವ ಗೇಟು ಮಾಡಿದರು. 1933ರಲ್ಲಿ ಅದು ಬಳಕೆಗೆ ಬಂತು. ಇವತ್ತಿಗೂ ಎಲ್ಲ ಕಡೆ ಅದೇ ಪದ್ಧತಿ. ಪಟ್ಟಿ ಮುಟ್ಟಿದ ಸವಾರ ಹೀಟಿನಿಂದ ಹೊರಬೀಳಬೇಕು, ಇಲ್ಲವೇ ನಿಯಮ ಬಿಟ್ಟರೆ 15 ಮೀಟರ್ ಹಿಂದಿನಿಂದ ಹೊರಡಬೇಕು. ಗೇಟು ಬಂದಮೇಲೆ ಕ್ಲಚ್ಚಿನ ಬೆಲೆ ಏರಿತು: ಪಟ್ಟಿ ಏಳುವ ಗಳಿಗೆಗೆ ಸರಿಯಾಗಿ ಕ್ಲಚ್ ಬಿಡಬೇಕು. ಹಿಂಚಕ್ರ ಅತಿಯಾಗಿ ಸುತ್ತಿದರೆ ಬೈಕು ನಿಂತಲ್ಲೇ ಗುಂಡಿ ತೋಡುತ್ತದೆ, ಅತಿಯಾಗಿ ಕಚ್ಚಿದರೆ ಮುಂಚಕ್ರ ಎದ್ದುಬಿಡುತ್ತದೆ.

ವಿಂಬಲ್ಡನ್ ಬೇಗ ನೋಡಿ ಮುಗಿಸಬಹುದು. ಪ್ಲೌ ಲೇನಿನಲ್ಲಿದ್ದ ಹಳೆಯ ಅಂಗಳದ ಜಾಗದಲ್ಲೇ 2020ರಲ್ಲಿ ತೆರೆದ ಫುಟ್‌ಬಾಲ್ ಕ್ರೀಡಾಂಗಣವಿದೆ. ಹತ್ತಿರದ ನಿಲ್ದಾಣ ಹೇಡನ್ಸ್ ರೋಡ್. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ನಡುವಿನ ಮೊದಲ ಸ್ಪೀಡ್‌ವೇ ಟೆಸ್ಟ್ ನಡೆದದ್ದು ಇಲ್ಲಿ, 1930ರ ಜೂನ್ 30ರಂದು. ಆಸ್ಟ್ರೇಲಿಯಾ 35-17ರಿಂದ ಗೆದ್ದಿತು. ಆಸ್ಟ್ರೇಲಿಯನ್ನರ ಕೈ ಎಷ್ಟು ಮೇಲಿತ್ತೆಂದರೆ ಒಬ್ಬೊಬ್ಬ ಸವಾರ ತನಗಾಗಿಯೇ ಓಡುವ ಸ್ಟಾರ್ ಚಾಂಪಿಯನ್‌ಷಿಪ್ಪನ್ನು 1929ರಲ್ಲಿ ಎರಡು ಭಾಗ ಮಾಡಬೇಕಾಯಿತು. ಹೊರದೇಶದವರ ವಿಭಾಗದಲ್ಲಿ ಫ್ರ್ಯಾಂಕ್ ಆರ್ಥರ್ ಗೆದ್ದರು, ಊರಿನವರ ವಿಭಾಗದಲ್ಲಿ ಕ್ರಿಸ್ಟಲ್ ಪ್ಯಾಲೆಸ್ಸಿನ ರೋಜರ್ ಫ್ರಾಗ್ಲಿ. ಆ ದಿನಗಳಲ್ಲಿ ಫೇ ಟೇಲರ್, ಈವಾ ಆಸ್ಕ್ವಿತ್ ಮುಂತಾದ ಮಹಿಳೆಯರೂ ಗಂಡಸರ ಎದುರೇ ಓಡಿಸಿ ಗೆಲ್ಲುತ್ತಿದ್ದರು. 1930ರಲ್ಲಿ ಅವರಿಗೆ ನಿಷೇಧ ಬಿತ್ತು. ಅದು ಅನ್ಯಾಯ, ಆಟಕ್ಕೂ ನಷ್ಟ.

ವಿಂಬಲ್ಡನ್ನಿನಿಂದ ಡಿಸ್ಟ್ರಿಕ್ಟ್ ಲೈನಿನಲ್ಲಿ ಫುಲ್ಹ್ಯಾಮ್ ಬ್ರಾಡ್‌ವೇಗೆ ಬಂದರೆ ಸ್ಟ್ಯಾಂಫರ್ಡ್ ಬ್ರಿಜ್. ಚೆಲ್ಸಿ ಫುಟ್‌ಬಾಲ್ ಮೈದಾನದ ಸುತ್ತ 1928ರಿಂದ 1932ರವರೆಗೆ ಕಿಟ್ಟದ ಟ್ರ್ಯಾಕ್ ಇತ್ತೆಂದರೆ ಈಗ ನಂಬುವುದು ಕಷ್ಟ. ಆಗ ದಕ್ಷಿಣಕ್ಕೊಂದು, ಉತ್ತರಕ್ಕೊಂದು ಲೀಗ್ ಇತ್ತು; 1929ರ ಸದರ್ನ್, ಅಂದರೆ ದಕ್ಷಿಣದ, ಲೀಗ್ ಗೆದ್ದದ್ದು ಈ ಅಂಗಳದ ತಂಡ. ಯಂತ್ರದ ಚರಿತ್ರೆಯೂ ಇಲ್ಲೇ ತಿರುವು ಪಡೆಯಿತು.

1929ರಲ್ಲಿ ಎಲ್ಲರ ಕೈಯಲ್ಲೂ ಇದ್ದದ್ದು ಬ್ರಿಸ್ಟಲ್ ಬಳಿ ತಯಾರಾಗುತ್ತಿದ್ದ ಡಗ್ಲಸ್. ಎರಡು ಸಿಲಿಂಡರು, ಒಂದು ಮುಂದಕ್ಕೆ ಒಂದು ಹಿಂದಕ್ಕೆ ನೆಲಕ್ಕೆ ಸಮನಾಗಿ ಮಲಗಿರುತ್ತಿದ್ದವು. ಹಾಗಾಗಿ ಬೈಕು ಉದ್ದ, ಭಾರ ಕೆಳಗೆ. ಕೆಲವು ಅಂಗುಲ ದಪ್ಪದ ಸಡಿಲ ಕಿಟ್ಟದಲ್ಲಿ ಅದನ್ನು ಅಡ್ಡಕ್ಕೆ ಎಸೆದರೆ ಉದ್ದಕ್ಕೆ ಜಾರುತ್ತಾ ಹೋಗುತ್ತದೆ, ಸವಾರ ಎಡಗಾಲನ್ನು ಹಿಂದಕ್ಕೆ ಚಾಚಿ ಎಳೆದುಕೊಂಡು ಹೋಗುತ್ತಾನೆ. ನೋಡಲು ಅದಕ್ಕಿಂತ ಸೊಗಸಾದ ಶೈಲಿ ಮತ್ತೆ ಬರಲಿಲ್ಲ. ಆದರೆ ದಪ್ಪ ಕಿಟ್ಟದಲ್ಲಿ ಒಂದು ದೋಷವಿದೆ. ನಾಲ್ಕಾರು ಹೀಟ್ ಮುಗಿಯುವಷ್ಟರಲ್ಲಿ ತಿರುವುಗಳಲ್ಲಿ ಹಳ್ಳ ಬೀಳುತ್ತವೆ, ಮುಂಚಕ್ರ ಹಳ್ಳಕ್ಕೆ ಸಿಕ್ಕರೆ ಸವಾರ ಹಾರಿಬೀಳುತ್ತಾನೆ. ಬರಬರುತ್ತಾ ಕಿಟ್ಟ ತೆಳುವಾಯಿತು, ತಳ ಗಟ್ಟಿಯಾಯಿತು. ಗಟ್ಟಿ ನೆಲದಲ್ಲಿ ಉದ್ದ ಬೈಕನ್ನು ಅಡ್ಡ ಹಾಕಿದರೆ ವೇಗ ಸುಮ್ಮನೆ ಸೋರಿಹೋಗುತ್ತದೆ. ಗಿಡ್ಡ, ಹಗುರ ಬೈಕಿನ ಮೇಲೆ ಕಾಲನ್ನು ಮುಂದಿಟ್ಟು, ಕಡಿಮೆ ಜಾರಿಸಿ, ತಿರುವಿನಿಂದ ಬೇಗ ನೆಟ್ಟಗಾಗುವವನೇ ಗೆಲ್ಲತೊಡಗಿದ. ಮೊದಲು ರಡ್ಜ್ ಕಂಪನಿಯ ಬೈಕು ಬಂತು. 1930ರಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮಿನಲ್ಲಿ ತಯಾರಾದ ಜೆ.ಎ.ಪಿ. ಎಂಜಿನ್ ಬಂತು, ಅದನ್ನು ಅಂಗಳದಲ್ಲಿ ಪಳಗಿಸಿದವರು ಸ್ಟ್ಯಾಂಫರ್ಡ್ ಬ್ರಿಜ್ ತಂಡದ ವಾಲ್ ಫಿಲಿಪ್ಸ್. ಒಂದೇ ಸಿಲಿಂಡರು, 80 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 99 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ). ಮುಂದೆ ದಶಕಗಳ ಕಾಲ ಈ ಎಂಜಿನ್ನಿಗೆ ಸಾಟಿಯೇ ಇರಲಿಲ್ಲ.

ಇಂಧನ ಮೆಥನಾಲ್. ಒಂದು ಭಾಗ ಮೆಥನಾಲ್ ಉರಿಯಲು ತೂಕದಲ್ಲಿ ಸುಮಾರು ಆರೂವರೆ ಭಾಗ ಗಾಳಿ ಸಾಕು, ಪೆಟ್ರೋಲಿಗಾದರೆ ಹದಿನಾಲ್ಕೂವರೆಗೂ ಮೇಲೆ ಬೇಕು. ಹಾಗಾಗಿ ಕಾರ್ಬ್ಯುರೇಟರಿನ ಜೆಟ್ ಬಹಳ ದೊಡ್ಡದಿರಬೇಕು, ಟ್ಯಾಂಕೂ ಬೇಗ ಖಾಲಿಯಾಗುತ್ತದೆ. ಆದರೆ ಮೆಥನಾಲ್ ಆವಿಯಾಗುವಾಗ ಎಂಜಿನ್ನಿನ ಒಳಗನ್ನು ತಂಪು ಮಾಡುತ್ತದೆ. ಅದರಿಂದಾಗಿ ಪೆಟ್ರೋಲು ತಡೆಯಲಾರದಷ್ಟು ಕಂಪ್ರೆಷನ್ ಇಡಬಹುದು. ಎಂಜಿನ್ ಎಣ್ಣೆಯಾಗಿ ಬಳಕೆಯಾದದ್ದು ನಮ್ಮ ಮನೆಗಳ ಹರಳೆಣ್ಣೆಯೇ. ಬಿಸಿಯಲ್ಲೂ ಅದರ ಪದರ ಕಳಚುವುದಿಲ್ಲ. ಎಣ್ಣೆ ಮತ್ತೆ ಟ್ಯಾಂಕಿಗೆ ಮರಳದೆ ಉರಿದು, ಸೋರಿ ಹೊರಹೋಗುವ ವ್ಯವಸ್ಥೆ. ಅಂಗಳದ ತುಂಬ ಹರಡುತ್ತಿದ್ದ ಆ ಹೆಸರಾಂತ ವಾಸನೆ ಸುಟ್ಟ ಹರಳೆಣ್ಣೆಯದು. ತೊಂದರೆಯೂ ಉಂಟು: ಹರಳೆಣ್ಣೆ ಎಂಜಿನ್ನಿನಲ್ಲಿ ಉಳಿದರೆ ಅಂಟುಗಟ್ಟುತ್ತದೆ, ಮೆಥನಾಲ್ ಗಾಳಿಯ ತೇವ ಹೀರಿ ಕಾರ್ಬ್ಯುರೇಟರನ್ನು ತಿನ್ನುತ್ತದೆ. ಪಂದ್ಯ ಮುಗಿದ ರಾತ್ರಿಯೇ ಮೆಥನಾಲ್ ಖಾಲಿ ಮಾಡಿ, ಕಾರ್ಬ್ಯುರೇಟರನ್ನು ಪೆಟ್ರೋಲಿನಲ್ಲಿ ತೊಳೆಯಬೇಕು.

ವೆಂಬ್ಲಿಯಲ್ಲಿ ಹಳೆಯದೇನೂ ಉಳಿದಿಲ್ಲ. ಈಗಿನ ಕ್ರೀಡಾಂಗಣ 2007ರದು. ಆದರೂ ಹೋಗದಿರಲಾಗದು. 1929ರಲ್ಲಿ ಕ್ರೀಡಾಂಗಣದ ಮುಖ್ಯಸ್ಥ ಆರ್ಥರ್ ಎಲ್ವಿನ್ ಇಲ್ಲಿ ತಂಡ ಕಟ್ಟಿ ಹಾಸ್ಕಿನ್ಸರನ್ನು ಕರೆತಂದರು, 1930 ಮತ್ತು 1931ರ ಸದರ್ನ್ ಲೀಗ್ ಎರಡೂ ವೆಂಬ್ಲಿಗೆ ಸಂದವು, ದಕ್ಷಿಣ ಉತ್ತರ ಒಂದಾದ 1932ರ ನ್ಯಾಷನಲ್ ಲೀಗ್ ಕೂಡ. 1936ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ಪಿನ ಫೈನಲ್ ಇಲ್ಲೇ ನಡೆದು ಆಸ್ಟ್ರೇಲಿಯಾದ ಲಯೊನೆಲ್ ವ್ಯಾನ್ ಪ್ರಾಗ್ ಗೆದ್ದರು. ವೆಂಬ್ಲಿ ಪಾರ್ಕಿನಿಂದ ಮೆಟ್ರೊಪಾಲಿಟನ್ ಲೈನ್ ಹಿಡಿದು ಯೂಸ್ಟನ್ ಸ್ಕ್ವೇರಿನಲ್ಲಿ ಇಳಿದರೆ ಮ್ಯಾಂಚೆಸ್ಟರ್ ರೈಲು ಹೊರಡುವ ಯೂಸ್ಟನ್ ನಾಲ್ಕು ಹೆಜ್ಜೆ. ಅಲ್ಲಿಂದ ಎರಡು ಗಂಟೆ ಚಿಲ್ಲರೆ ಪಯಣ.

ಉತ್ತರದ ಲೀಗಿನ ಮೊದಲ ಸೀಸನ್ ಕಷ್ಟದ್ದು. ಅಂಗಳಗಳು ಬೇಡಿಕೆಗಿಂತ ಹೆಚ್ಚಾಗಿ ಹುಟ್ಟಿದ್ದವು. ಹೆಸರಾಂತ ಸವಾರರಿಗೆ ಕೊಡುವ ಹಣ, ಮನರಂಜನಾ ತೆರಿಗೆ, ಮಳೆಗೆ ರದ್ದಾದ ಸಂಜೆಗಳು ಸೇರಿ ಹಲವು ತಂಡಗಳು ನಡುವೆಯೇ ಬಾಗಿಲು ಹಾಕಿದವು. ಪಟ್ಟ ಲೀಡ್ಸ್‌ಗೆ ಸಂದಿತು. ಗಟ್ಟಿಯಾಗಿ ನಿಂತದ್ದು ಮ್ಯಾಂಚೆಸ್ಟರಿನ ಬೆಲ್ ವ್ಯೂ. 1929ರ ಮಾರ್ಚ್ 23ರಂದು ಹೈಡ್ ರೋಡಿನಲ್ಲಿ, ಮೃಗಾಲಯದ ಮಗ್ಗುಲಲ್ಲಿ, ಅದರ ದೊಡ್ಡ ಅಂಗಳ ತೆರೆಯಿತು. 1987ರ ನವೆಂಬರ್ 1ರಂದು ಕೊನೆಯ ಓಟ. ಆ ಜಾಗ ಕಾರು ಹರಾಜಿನವರ ಪಾಲಾಯಿತು. ಅಲ್ಲಿಂದ ಸ್ವಲ್ಪ ದೂರದ ಕರ್ಕ್‌ಮನ್‌ಷುಲ್ಮ್ ಲೇನಿನಲ್ಲಿ 2016ರಲ್ಲಿ ಕಟ್ಟಿದ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ ಇದೆ. ಹೊಸ ಅಂಗಳದ ಉದ್ಘಾಟನೆಯ ಓಟವನ್ನೇ ಮುಂದೂಡಬೇಕಾಯಿತು, ತಿರುವುಗಳ ನೆಲ ಓಟಕ್ಕೆ ಯೋಗ್ಯವಾಗಿರಲಿಲ್ಲ. ಅದನ್ನು ಸರಿಪಡಿಸಿದ ಮೇಲೆ ದೇಶದ ಅತ್ಯುತ್ತಮ ಟ್ರ್ಯಾಕುಗಳಲ್ಲಿ ಒಂದಾಯಿತು.

ಇಲ್ಲಿಂದ ಶೆಫೀಲ್ಡಿಗೆ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ, ಬೆಟ್ಟಗಳ ನಡುವಿನ ಹೋಪ್ ವ್ಯಾಲಿ ಮಾರ್ಗ. ಊರೊಳಗೆ ಟ್ರಾಮ್ ಹಿಡಿದು ಹಿಲ್ಸ್‌ಬರೋ ಕಡೆ ಹೋದರೆ ಓಲರ್ಟನ್ ಕ್ರೀಡಾಂಗಣ. ಶೆಫೀಲ್ಡ್ ತಂಡ 1929ರ ಲೀಗಿನಲ್ಲಿ ಓಡಿದ್ದು ಈ ಜಾಗದಲ್ಲಿ, ಇತ್ತೀಚಿನ ಸೀಸನ್ನುಗಳಲ್ಲಿ ಓಡುತ್ತಿರುವುದೂ ಈ ಜಾಗದಲ್ಲೇ. ಬೆಲ್ ವ್ಯೂ ಪಂದ್ಯಗಳು ಸಾಮಾನ್ಯವಾಗಿ ಸೋಮವಾರ, ಶೆಫೀಲ್ಡಿನವು ಗುರುವಾರ, ಹಾಗಾಗಿ ಒಂದೇ ವಾರದಲ್ಲಿ ಎರಡನ್ನೂ ಹಿಡಿಯಬಹುದು. ಸೀಸನ್ ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ. ಹೊರಡುವ ಮೊದಲು ಆ ವರ್ಷದ ವೇಳಾಪಟ್ಟಿಯನ್ನೂ, ಅದೇ ದಿನ ಮಧ್ಯಾಹ್ನದ ಹವಾಮಾನವನ್ನೂ ನೋಡಿಕೊಳ್ಳಿ. ಮಳೆ ಬಂದರೆ ಪಂದ್ಯ ರದ್ದು.

ಹೋದವರು ಮೊದಲ ತಿರುವಿನ ಬಳಿ ನಿಲ್ಲಬೇಕು. ಗೇಟಿನಿಂದ ಹೊರಟ ನಾಲ್ವರು ಒಟ್ಟಿಗೆ ನುಗ್ಗುವುದು ಅಲ್ಲಿ, ಅರ್ಧ ಹೀಟುಗಳ ತೀರ್ಮಾನವೂ ಅಲ್ಲೇ. ಬಿಳಿ ಬಟ್ಟೆ ಬೇಡ, ಬೇಲಿಯ ಹತ್ತಿರ ನಿಂತವರ ಮೇಲೆ ಶೇಲ್ ಕಲ್ಲಿನ ಕೆಂಪು ಪುಡಿ ಎರಚುತ್ತದೆ. ಕಿಟ್ಟದ ಜಾಗಕ್ಕೆ ಈಗ ಬಂದಿರುವುದು ಇದೇ ಪುಡಿ. ಕಾರ್ಯಕ್ರಮ ಪುಸ್ತಿಕೆ ಕೊಂಡು, ಪೆನ್ನು ಹಿಡಿದು ಅಂಕ ತುಂಬುತ್ತಾ ಹೋಗಿ: ಆತಿಥೇಯ ತಂಡದ ಹೆಲ್ಮೆಟ್ ಬಣ್ಣ ಕೆಂಪು ಮತ್ತು ನೀಲಿ, ಬಂದವರದು ಬಿಳಿ ಮತ್ತು ಹಳದಿ, 15 ಹೀಟುಗಳಿಗೆ ಒಟ್ಟು 90 ಅಂಕ, 46 ಬಂದರೆ ಗೆಲುವು.

ಹೀಟ್ ಹೀಟಿಗೂ ನೆಲವನ್ನು ಗಮನಿಸಿ. ಶುರುವಿನಲ್ಲಿ ಒಳಗೆರೆಯೇ ಹತ್ತಿರದ ದಾರಿ. ಚಕ್ರಗಳು ಪುಡಿಯನ್ನು ಹೊರಕ್ಕೆ ಎರಚುತ್ತಾ ಹೋದಂತೆ ಒಳಭಾಗ ನುಣುಪಾಗುತ್ತದೆ, ಹಿಡಿತವೆಲ್ಲ ಹೊರಬೇಲಿಯ ಕಡೆ ಗುಡ್ಡೆಯಾಗುತ್ತದೆ. ಧೈರ್ಯವಿರುವ ಸವಾರ ಆಗ ಹೊರಗಿನಿಂದ ಸುತ್ತಿ ಇಬ್ಬರನ್ನು ದಾಟಿಬಿಡುತ್ತಾನೆ. ಆದರೆ ಜಾರುತ್ತಿರುವ ಹಿಂಚಕ್ರಕ್ಕೆ ಅಲ್ಲಿ ಒಮ್ಮೆಲೇ ಹಿಡಿತ ಸಿಕ್ಕರೆ ಬೈಕು ನೆಟ್ಟಗಾಗಿ ಬೇಲಿಗೆ ನುಗ್ಗುತ್ತದೆ. ನಡುನಡುವೆ ಟ್ರ್ಯಾಕ್ಟರ್ ಬಂದು ಪುಡಿಯನ್ನು ಒಳಕ್ಕೆ ಎಳೆದು, ನೀರು ಚಿಮುಕಿಸುತ್ತದೆ. ನೀರು ಕಡಿಮೆಯಾದರೆ ಧೂಳೆದ್ದು ಹಿಂದಿನವರಿಗೆ ದಾರಿ ಕಾಣುವುದಿಲ್ಲ, ಹೆಚ್ಚಾದರೆ ಮುಂದಿನ ಹೀಟಿನಲ್ಲಿ ಯಾರ ಚಕ್ರವೂ ಕಚ್ಚುವುದಿಲ್ಲ. ಟ್ರ್ಯಾಕ್ಟರ್ ಸುತ್ತುವಾಗ ಬೈಕು ಸಜ್ಜುಮಾಡುವ ಪಿಟ್ಸ್ ಕಡೆ ಕಣ್ಣು ಹಾಯಿಸಿದರೆ ಮೆಕ್ಯಾನಿಕ್ಕುಗಳು ಹಿಂಚಕ್ರದ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲುಚಕ್ರ, ಬದಲಿಸುವುದು ಕಾಣುತ್ತದೆ. ನೆಲ ಹಿಡಿಯತೊಡಗಿದರೆ ಒಂದು ಹಲ್ಲು ಹೆಚ್ಚಿನದು, ಜಾರತೊಡಗಿದರೆ ಒಂದು ಹಲ್ಲು ಕಡಿಮೆಯದು.