ಹಡಗಿಗೆ ಅಡ್ಡ ಕಟ್ಟಿದ ನೂಲಿನ ಸರಪಳಿ

ಹೆಂಗಸರು ಕೂತ್ಕೊಂಡು ಕ್ರೋಶಾ ಕಡ್ಡೀಲಿ ಹೆಣೆದ ನೂಲಿನ ಸರಪಳಿ ಆಯಿಲ್ ಟ್ಯಾಂಕರ್‌ನ ತಡೆಯತ್ತಾ? ತಡೆಯಲ್ಲ, ಹೆಣೆದವ್ರಿಗೂ ಅದು ಗೊತ್ತಿತ್ತು. ಆದ್ರೂ 2014ರ ಜೂನ್‌ನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಹಾರ್ಟ್ಲಿ ಬೇ ಅನ್ನೋ ಊರಿನ ಗಿಟ್‌ಗಾಟ್ ಅನ್ನೋ ಮೂಲನಿವಾಸಿ ಜನ ದೋಣಿಗಳಲ್ಲಿ ಹೋಗಿ ಡಗ್ಲಸ್ ಚಾನೆಲ್ ಅನ್ನೋ ಕಡಲ ಕಾಲುವೆಗೆ ಅಡ್ಡವಾಗಿ ಅದನ್ನ ಹಿಡಿದು ನಿಂತ್ರು.

ವಿಷಯ ಏನಂದ್ರೆ ಎನ್‌ಬ್ರಿಡ್ಜ್ ಕಂಪನಿಯ ನಾರ್ದರ್ನ್ ಗೇಟ್‌ವೇ ಅನ್ನೋ ಪೈಪ್‌ಲೈನ್ ಯೋಜನೆ. ಆಲ್ಬರ್ಟಾದಿಂದ ಕಿಟಿಮ್ಯಾಟ್ ಬಂದರಿಗೆ 1,177 ಕಿಲೋಮೀಟರ್ ಜೋಡಿ ಪೈಪ್‌ಲೈನ್, ದಿನಕ್ಕೆ 5,25,000 ಬ್ಯಾರೆಲ್ ಟಾರ್ ಸ್ಯಾಂಡ್ಸ್ ಎಣ್ಣೆ (ಡಾಂಬರಿನಂಥ ಮರಳಿಂದ ತೆಗೆಯೋ ಗಟ್ಟಿ ಎಣ್ಣೆ), ಆಮೇಲೆ ಆ ಇಕ್ಕಟ್ಟಾದ ಚಾನೆಲ್‌ನಲ್ಲಿ ದೊಡ್ಡ ದೊಡ್ಡ ಟ್ಯಾಂಕರ್‌ಗಳು. ಹಾರ್ಟ್ಲಿ ಬೇ ಜನ ಯಾಕೆ ಅಷ್ಟು ಹೆದರಿದ್ರು ಅಂತ ಕೇಳೋರಿಗೆ ಒಂದು ಮಾತು, 2006ರ ಮಾರ್ಚ್‌ನಲ್ಲಿ ಕ್ವೀನ್ ಆಫ್ ದ ನಾರ್ತ್ ಅನ್ನೋ ಫೆರ್ರಿ ಅವ್ರ ಊರಿನ ಹತ್ರಾನೇ ಮಧ್ಯರಾತ್ರಿ ಮುಳುಗಿದಾಗ ತಮ್ಮ ಮೀನಿನ ದೋಣಿ ತಗೊಂಡು ಕತ್ತಲಲ್ಲಿ ಜನರನ್ನ ಎತ್ತೋಕೆ ಹೋದವ್ರು ಇವ್ರೇ, ಆಮೇಲೆ ಅದರ ಡೀಸೆಲ್ ಸೋರಿದ್ದು ಇವ್ರ ನೀರಿಗೇನೇ. ಹಡಗು ಮುಳುಗಲ್ಲ ಅಂತ ಅವ್ರಿಗೆ ಪವರ್‌ಪಾಯಿಂಟ್ ತೋರಿಸಿದ್ರೆ ನಂಬ್ತಾರಾ!

ನಾನಾಗ ವ್ಯಾಂಕೂವರ್‌ನಲ್ಲಿದ್ದೆ. ಪೈಪ್‌ಲೈನ್ ಬೇಡ ಅನ್ನೋ ನಮ್ಮದೊಂದು ಸಣ್ಣ ಗುಂಪು, ಎಲ್ಲರೂ ಆಫೀಸ್ ಮುಗಿಸ್ಕೊಂಡು ಬರೋರು. ಹುಮ್ಮಸ್ಸು ಬೇಜಾನ್ ಇತ್ತು, ಬುದ್ಧಿ ಕಮ್ಮಿ. ಮೊದಲ ಸಭೆಗೆ ಪೋಸ್ಟರ್ ನಾವೇ ಬರೆದ್ವಿ, ಘೋಷಣೆ ನಾವೇ ಮಾಡಿದ್ವಿ, ಯಾರು ಎಷ್ಟು ನಿಮಿಷ ಮಾತಾಡ್ಬೇಕು ಅನ್ನೋದನ್ನೂ ನಾವೇ ಫಿಕ್ಸ್ ಮಾಡಿದ್ವಿ, ಎಲ್ಲಾ ಮುಗಿದ ಮೇಲೆ ಶುರುವಲ್ಲಿ ಪ್ರಾರ್ಥನೆ ಹೇಳೋಕೆ ಅಂತ ಫಸ್ಟ್ ನೇಷನ್ಸ್‌ನ (ಕೆನಡಾದ ಮೂಲನಿವಾಸಿ ಸಮುದಾಯಗಳು) ಒಬ್ಬ ಹಿರಿಯಮ್ಮನ್ನ ಕರೆದ್ವಿ. ಅವ್ರು ಬಂದ್ರು, ಪ್ರಾರ್ಥನೆ ಹೇಳಿದ್ರು, ಹೋಗ್ತಾ ಹೋಗ್ತಾ ಮೆಲ್ಲಗೆ ಕೇಳಿದ್ರು: ‘ಕಂಪನಿಯವ್ರೂ ಎಲ್ಲಾ ತೀರ್ಮಾನ ಮಾಡ್ಕೊಂಡೇ ನಮ್ಮ ಹತ್ರ ಬಂದ್ರು, ನೀವೂ ಹಂಗೇ ಬಂದಿದೀರಲ್ಲ?’ ಯಾರೂ ಉಸಿರೆತ್ತಲಿಲ್ಲ.

ಆಮೇಲೆ ಕೂತು ಓದಿದಾಗ ಗೊತ್ತಾಯ್ತು ನಾವು ಎಷ್ಟು ಲೇಟಾಗಿ ಬಂದಿದೀವಿ ಅಂತ. ಯಿಂಕಾ ದೆನೆ ಅನ್ನೋ ಫಸ್ಟ್ ನೇಷನ್ಸ್ ಒಕ್ಕೂಟದವ್ರು 2010ರಲ್ಲೇ ಫ್ರೇಸರ್ ನದಿ ಉಳಿಸೋ ಘೋಷಣೆ ಹೊರಡಿಸಿದ್ರು, ಮುಂದೆ ಅದಕ್ಕೆ 130ಕ್ಕೂ ಹೆಚ್ಚು ಫಸ್ಟ್ ನೇಷನ್ಸ್ ಸಹಿ ಬಿತ್ತು. ತಮ್ಮ ಕಾನೂನಿನ ಪ್ರಕಾರ ಈ ನೆಲದಲ್ಲಿ ಪೈಪ್‌ಲೈನ್ ನಿಷೇಧ ಅಂತ ಹೇಳಿದ್ದು ಅದು, ಮನವಿ ಪತ್ರ ಅಲ್ಲ. ಬ್ರಿಟಿಷ್ ಕೊಲಂಬಿಯಾದ ಹೆಚ್ಚಿನ ಭಾಗದಲ್ಲಿ ಮೂಲನಿವಾಸಿಗಳು ಯಾವ ಒಪ್ಪಂದಕ್ಕೂ ಸಹಿ ಹಾಕಿ ನೆಲ ಬಿಟ್ಟುಕೊಟ್ಟೇ ಇಲ್ಲ, ಹಂಗಾಗಿ ಆ ಮಾತಿಗೆ ತೂಕ ಇತ್ತು. ಎಲ್ಲರೂ ಒಂದೇ ಕಡೆ ಇದ್ರು ಅಂತಲ್ಲ, ಕೆಲವು ಸಮುದಾಯಗಳು ಕಂಪನಿ ಜೊತೆ ಪಾಲುದಾರಿಕೆಗೆ ಸಹಿ ಹಾಕಿದ್ವು, ಅವ್ರನ್ನ ದ್ರೋಹಿಗಳು ಅನ್ನೋದು ನಮ್ಮಂಥ ಹೊರಗಿನವ್ರ ಕೆಲಸ ಅಲ್ವೇ ಅಲ್ಲ.

2014ರ ಏಪ್ರಿಲ್‌ನಲ್ಲಿ ಕಿಟಿಮ್ಯಾಟ್ ಪಟ್ಟಣದಲ್ಲಿ ಈ ಯೋಜನೆ ಬೇಕಾ ಬೇಡ್ವಾ ಅಂತ ಮತದಾನ ಆಯ್ತು, ಶೇ. 58.4 ಜನ ಬೇಡ ಅಂದ್ರು. ನಾವು ಕುಣಿದಾಡಿದ್ವಿ. ಆದ್ರೆ ಪಕ್ಕದಲ್ಲೇ ಇರೋ ಹೈಸ್ಲಾ ಮೂಲನಿವಾಸಿಗಳ ಹಳ್ಳಿಯವ್ರಿಗೆ ಆ ಮತದಾನದಲ್ಲಿ ಓಟೇ ಇರ್ಲಿಲ್ಲ, ಹಳ್ಳಿ ಪಟ್ಟಣದ ಗಡಿಯೊಳಗೆ ಬರಲ್ಲ ಅಂತ! ಎರಡು ತಿಂಗಳಿಗೆ ಕೇಂದ್ರ ಸರ್ಕಾರ 209 ಷರತ್ತು ಹಾಕಿ ಯೋಜನೆಗೆ ಒಪ್ಪಿಗೆ ಕೊಟ್ಟೇಬಿಡ್ತು.

ಆಗ ಉಳಿದಿದ್ದು ಕೋರ್ಟ್. ಕೇಸ್ ಹಾಕಿದ್ದು ಫಸ್ಟ್ ನೇಷನ್ಸ್, ಖರ್ಚಿಗೆ ದುಡ್ಡು ಕೂಡಿಸಿದ್ದು ಪುಲ್ ಟುಗೆದರ್ ಅಭಿಯಾನ, 6 ಲಕ್ಷ ಡಾಲರ್‌ಗೂ ಹೆಚ್ಚು ಸೇರ್ತು. ನಮ್ಮ ಗುಂಪು ಕೊನೆಗೂ ಕೆಲಸಕ್ಕೆ ಬಂದಿದ್ದು ಇಲ್ಲೇ. ಕುರ್ಚಿ ಜೋಡಿಸೋದು, ಟಿಕೆಟ್ ಮಾರೋದು, ಮನೆಮನೆಗೆ ಹೋಗೋದು, ಪಾತ್ರೆ ತೊಳೆಯೋದು. ಮೈಕ್ ನಮ್ಮ ಕೈಯಲ್ಲಿ ಇರ್ಲಿಲ್ಲ, ಶುರುವಲ್ಲಿ ಸ್ವಲ್ಪ ಉರಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. 2016ರ ಜೂನ್‌ನಲ್ಲಿ ಫೆಡರಲ್ ಅಪೀಲ್ ಕೋರ್ಟ್ ಆ ಒಪ್ಪಿಗೆ ರದ್ದು ಮಾಡ್ತು, ಸರ್ಕಾರ ಮೂಲನಿವಾಸಿಗಳ ಜೊತೆ ಸರಿಯಾಗಿ ಸಮಾಲೋಚನೆನೇ ಮಾಡಿಲ್ಲ ಅಂತ. ನವೆಂಬರ್‌ನಲ್ಲಿ ಟ್ರೂಡೋ ಸರ್ಕಾರ ಯೋಜನೆನೇ ತಿರಸ್ಕರಿಸ್ತು. ನಮ್ಮ ಪೋಸ್ಟರ್‌ನಿಂದ ಅಲ್ಲ, 1982ರ ಸಂವಿಧಾನದ 35ನೇ ವಿಧಿ ಎತ್ತಿಹಿಡಿದಿದ್ದ ಅವ್ರ ಹಕ್ಕಿನಿಂದ.

ಎಲ್ಲಾ ಕಡೆ ಹಿಂಗಾಗಲ್ಲ. ದಕ್ಷಿಣದಲ್ಲಿ ಟ್ರಾನ್ಸ್ ಮೌಂಟೇನ್ ಪೈಪ್‌ಲೈನ್‌ನ ಸರ್ಕಾರನೇ 2018ರಲ್ಲಿ ಕೊಂಡ್ಕೊಳ್ತು, ವಿಸ್ತರಣೆ ಮುಗಿದು 2024ರ ಮೇನಲ್ಲಿ ಎಣ್ಣೆ ಹರೀತು. ಉತ್ತರ ಕರಾವಳಿಗೆ 2019ರಲ್ಲಿ ಟ್ಯಾಂಕರ್ ನಿಷೇಧ ಕಾಯ್ದೆ ಬಂತು, ಆದ್ರೆ 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮತ್ತು ಆಲ್ಬರ್ಟಾ ಮತ್ತೆ ಕರಾವಳಿಗೆ ಹೊಸ ಪೈಪ್‌ಲೈನ್ ಬಗ್ಗೆ ಕೈ ಜೋಡಿಸಿದ್ವು. ಆ ಸುದ್ದಿ ಬಂದ ವಾರ ನಮ್ಮ ಹಳೇ ಗುಂಪಿನವ್ನೊಬ್ಬ ಫೋನ್ ಮಾಡಿ ‘ಪೋಸ್ಟರ್ ಡಿಸೈನ್ ರೆಡಿ ಮಾಡ್ಲಾ’ ಅಂದ. ಇಡು ಫೋನು, ಮೊದ್ಲು ಹಾರ್ಟ್ಲಿ ಬೇಗೆ ಮಾಡು ಅಂದೆ.