ಬರೀ ಜ್ವರ ಅಂದರೆ ಸಾಲದು

ಬೆಳಿಗ್ಗೆ ಶಾಲೆಗೆ ಫೋನ್ ಮಾಡಿ, "ಮಗಳಿಗೆ ಜ್ವರ, ಇವತ್ತು ಬರಲ್ಲ" ಅಂದೆ. ಅಷ್ಟಕ್ಕೇ ಬಿಡಲಿಲ್ಲ. "ವಾಂತಿ ಇದೆಯಾ? ಮೈಮೇಲೆ ಗುಳ್ಳೆ ಎದ್ದಿದೆಯಾ? ನಾಳೆ ಗಣಿತ ಟೆಸ್ಟಿಗೆ ಬರ್ತಾಳಾ?" ಟೆಸ್ಟಿನ ಮಾತು ಕಿವಿಗೆ ಬಿದ್ದದ್ದೇ ತಡ, ಇವಳು ಹೊದಿಕೆ ತಲೆವರೆಗೂ ಎಳೆದುಕೊಂಡಳು!

ಕೇಳಬೇಕಾದ್ದೇ, ಅಲ್ವಾ? ಚಿಕನ್‌ಪಾಕ್ಸ್ ಆಗಿದ್ದರೆ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಪಕ್ಕದ ಬೆಂಚಿನ ಮಗುವಿಗೂ ಅಂಟುತ್ತದೆ.

ಅದಕ್ಕಿಂತ ದೊಡ್ಡದು ಇನ್ನೊಂದು. ಹಾಜರಿ ಕರೆದಾಗ "ಎಸ್ ಮಿಸ್" ಅನ್ನದ ಮಗು ಮನೆಯಲ್ಲಿ ಮಲಗಿದೆಯೋ, ಮನೆಯಿಂದ ಹೊರಟು ದಾರಿಯಲ್ಲೇ ಎಲ್ಲಾದರೂ ಉಳಿದಿದೆಯೋ? ಸುಮ್ನೆ ನೋಡಿದರೆ ರಿಜಿಸ್ಟರಿನಲ್ಲಿ ಎರಡಕ್ಕೂ ಒಂದೇ ಗುರುತು. ನಾವು ಮಧ್ಯಾಹ್ನ ನೆನಪಾಗಿ ಮೆಸೇಜ್ ಹಾಕಿದರೆ, ಅಷ್ಟು ಹೊತ್ತೂ ಟೀಚರ್ ಏನಂತ ತಿಳಿಯಬೇಕು?