ಸೂಜಿಯಾ, ಆ 20 ನಿಮಿಷವಾ?

ಇವತ್ತು ಆರನೇ ಸಲ ಅಕ್ಯುಪಂಕ್ಚರ್‌ಗೆ ಹೋಗಿ ಬಂದೆ. ಎರಡು ವರ್ಷದಿಂದ ಸಂಜೆಯಾದರೆ ಹಣೆಗೆ ಯಾರೋ ಬಟ್ಟೆ ಬಿಗಿದು ಕಟ್ಟಿದ ಹಾಗೆ ನೋವು. ಮೈಗ್ರೇನ್ ಅಲ್ಲ, ಟೆನ್ಷನ್ ತಲೆನೋವು ಅಂತ ಡಾಕ್ಟರ್ ಹೇಳಿದ್ದರು.

ಕೂದಲೆಳೆಯಂಥ ಸೂಜಿ. ತಲೆಬುರುಡೆ ಕತ್ತಿಗೆ ಸೇರುವ ಕಡೆ ಎರಡೂ ಬದಿಯ ಕುಳಿಗಳಲ್ಲಿ ಒಂದೊಂದು. ಹೆಬ್ಬೆರಳು, ತೋರುಬೆರಳ ನಡುವೆ ಇನ್ನೊಂದು. ಚೀನಿಯರು ಆ ಜಾಗಕ್ಕೆ ಹೆಗು ಅಂತಾರೆ. ಚುಚ್ಚಿದಾಗ ಇರುವೆ ಕಚ್ಚಿದಷ್ಟೂ ಉರಿ ಇಲ್ಲ. ಆಮೇಲೆ ಮಾತ್ರ ಕೈ ಜೋಮು ಹಿಡಿದ ಹಾಗೆ ಭಾರ.

ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಅನ್ನೋ ಸಂಸ್ಥೆಯ 2016ರ ವಿಮರ್ಶೆ, ಅಕ್ಯುಪಂಕ್ಚರ್ ಬಗ್ಗೆ 12 ಅಧ್ಯಯನಗಳನ್ನು ಒಟ್ಟಿಗೆ ನೋಡಿದೆ. ಪದೇ ಪದೇ ಬರುವ ಟೆನ್ಷನ್ ತಲೆನೋವಿಗೆ ಇದರಿಂದ ಉಪಯೋಗ ಇದೆ ಅಂತಲೇ ಹೇಳಿದೆ. ಆದರೆ ತೋರಿಕೆಗೆ ಸುಮ್ನೆ ಸೂಜಿ ಹಾಕಿಸಿಕೊಂಡವರಲ್ಲೂ ಎಷ್ಟೋ ಜನರಿಗೆ ನೋವು ಕಮ್ಮಿಯಾಗಿತ್ತು. ಎರಡಕ್ಕೂ ಇದ್ದ ವ್ಯತ್ಯಾಸ ಚಿಕ್ಕದು.

ಹಾಗಾದರೆ ನನಗೆ ಕೆಲಸ ಮಾಡಿದ್ದು ಸೂಜಿಯಾ, ಇಲ್ಲಾ ಫೋನ್ ದೂರ ಇಟ್ಟು ಕಣ್ಣು ಮುಚ್ಚಿ ಮಲಗಿದ ಆ 20 ನಿಮಿಷವಾ? ಎರಡೂ ಇರಬಹುದು ಅಲ್ವಾ. ವಾರಕ್ಕೆ ಐದು ದಿನ ಬರುತ್ತಿದ್ದ ನೋವು ಈಗ ಎರಡೇ ದಿನ. ಇವತ್ತು ಸಂಜೆ ಲೈಟ್ ಆರಿಸದೆ ಮಗಳ ಜೊತೆ ಕೂತು ಲೆಕ್ಕ ಮಾಡಿಸಿದೆ.